ಆದವಾನಿ ಮೇಲೆ ಹೋದ ರೈಲು

ಗುಂತಕಲ್ಲಿನಿಂದ ರಾಯಚೂರಿನ ಕಡೆ ಹೊರಟ ಗಾಡಿ ನಂಚೆರ್ಲ, ಮೊಲಗವಲ್ಲಿ, ಆಸ್ಪರಿ, ನಗರೂರು ದಾಟಿ ಆದವಾನಿಗೆ ಬರುತ್ತದೆ. ಹತ್ತುವವರು ಹತ್ತಿ ಇಳಿಯುವವರು ಇಳಿದ ಮೇಲೆ ಇಸವಿ, ಕುಪ್ಪಗಲ್, ಕೋಸಿಗಿ. ಆಮೇಲೆ ಮಂತ್ರಾಲಯಂ ರೋಡ್. ಆ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಚಕ್ರಗಳ ಸದ್ದು ಬದಲಾಗುತ್ತದೆ. ಮಣ್ಣಿನ ಸದ್ದು ಹೋಗಿ ಕಬ್ಬಿಣದ ಸದ್ದು ಬರುತ್ತದೆ. ತುಂಗಭದ್ರೆ. ಡಬ್ಬಿಯಲ್ಲಿದ್ದ ಮುದುಕರು ಮಂತ್ರಾಲಯದ ರಾಯರನ್ನು ನೆನೆದು ಕೈಮುಗಿಯುತ್ತಾರೆ, ಹೆಂಗಸರು ಸೆರಗಿನ ಗಂಟು ಬಿಚ್ಚಿ ಹೊಳೆಗೆ ಕಾಸು ಹಾಕುತ್ತಾರೆ. ಬೇಸಿಗೆಯಲ್ಲಿ ಬರೀ ಮರಳು ಕಾಣುವಾಗಲೂ ಹಾಕುತ್ತಾರೆ.

ಈ ಹೊಳೆ ಇಂದು ಆಂಧ್ರಕ್ಕೂ ಕರ್ನಾಟಕಕ್ಕೂ ನಡುವಿನ ಗೆರೆ. 1914ರಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೂ ನಿಜಾಮರ ರಾಯಚೂರಿಗೂ ನಡುವಿನ ಗೆರೆಯಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ಯುರೋಪಿನ ಯುದ್ಧಕ್ಕೆ ಇಂಗ್ಲೆಂಡು ಇಳಿಯಿತು, ಅದರ ಬೆನ್ನಿಗೆ ಹಿಂದೂಸ್ತಾನವೂ ಇಳಿಯಬೇಕಾಯಿತು. ಮದರಾಸಿನಿಂದ ಮುಂಬೈ ಬಂದರಿಗೆ ಹೋಗುವ ಹೆದ್ದಾರಿಯಂಥ ಹಳಿ ಇದು. ಈ ದಾರಿಯಲ್ಲಿ ದಂಡಿಗೆ ಹೋದ ಹುಡುಗನಿಗೆ, ತನ್ನ ಸೀಮೆ ಬಿಟ್ಟು ಇನ್ನೊಬ್ಬ ದೊರೆಯ ಸೀಮೆಗೆ ಕಾಲಿಟ್ಟೆ ಎಂದು ಮೊದಲು ಗೊತ್ತಾಗುತ್ತಿದ್ದುದು ಈ ಸೇತುವೆಯ ಮೇಲೆ. ಮುಂದಿನ ಗಡಿಗಳ ಹೆಸರುಗಳು ಅವನ ಭಾಷೆಯಲ್ಲಿ ಇರಲೇ ಇಲ್ಲ: ಬಸ್ರಾ, ಸುಯೆಜ್, ಟಾಂಗಾ.

ಈ ಉಪನ್ಯಾಸ ಆ ಹುಡುಗನ ಬಗ್ಗೆ. ಸೇನಾಪತಿಗಳ ಚರಿತ್ರೆ ಬೇಕಾದಷ್ಟಿದೆ. ಯಾವ ನದಿಯ ಯಾವ ದಡದಲ್ಲಿ ಯಾವ ಪಲ್ಟಣ ನಿಂತಿತ್ತೆಂಬ ನಕ್ಷೆಗಳೂ ಇವೆ. ಆದರೆ ಕವಾಯತು ಕಲಿತ ದಂಡಿಗೂ ಹಡಗಿನ ಏಣಿಗೂ ನಡುವೆ ಒಂದು ರೈಲು ಪ್ರಯಾಣ ಇತ್ತು. ಹುಟ್ಟಿದ ನೆಲವನ್ನು ಕಿಟಕಿಯಿಂದ ನೋಡಲು ಸಿಕ್ಕ ಕೊನೆಯ ಹೊತ್ತು ಅದು. ಅವನ ಗಂಟಿನೊಳಗೆ ಸರ್ಕಾರದ ಕಾಗದಗಳಿದ್ದವು. ಆ ಕಾಗದಗಳಲ್ಲಿ ಅವನ ಹೆಸರು, ಅಪ್ಪನ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಎತ್ತರ, ಮೈಮೇಲಿನ ಗುರುತು ಎಲ್ಲ ಬರೆದಿತ್ತು. ಇಷ್ಟು ವಿವರವಾಗಿ ಬರೆಸಿಕೊಂಡು ಕರೆದೊಯ್ದ ಮನುಷ್ಯನನ್ನು ಆಮೇಲೆ ಹೇಗೆ ನೆನಪಿಟ್ಟುಕೊಂಡರು ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಹಳಿಯ ಮಾತು. ಇದನ್ನು ಹಾಕಿದ್ದೇ ಎರಡು ಕಾರಣಕ್ಕೆ: ಹತ್ತಿ ಮತ್ತು ದಂಡು. 1853ರ ಏಪ್ರಿಲಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬರೆದ ಪ್ರಸಿದ್ಧ ಟಿಪ್ಪಣಿಯಲ್ಲಿ ರೈಲು ಯಾಕೆ ಬೇಕೆಂಬುದಕ್ಕೆ ಸೈನ್ಯವನ್ನು ಬೇಗ ಸಾಗಿಸುವುದೂ ಒಂದು ದೊಡ್ಡ ಕಾರಣ; ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕೆಂಬುದು ಇನ್ನೊಂದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ನಮ್ಮ ಎರೆ ಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಎಲ್ಲೋ ನಡೆದ ಯುದ್ಧ ಈ ಸೀಮೆಯ ಒಕ್ಕಲಿಗನ ಗೂಡಿಗೆ ದುಡ್ಡು ತಂದಿತು, ಯುದ್ಧ ಮುಗಿದಾಗ ಹಾಗೆಯೇ ಕಿತ್ತುಕೊಂಡಿತು. 1871ರಲ್ಲಿ ಮದರಾಸು ರೈಲ್ವೆಯ ವಾಯವ್ಯ ಹಳಿ ರಾಯಚೂರಿನಲ್ಲಿ ಮುಂಬೈ ಕಡೆಯಿಂದ ಬಂದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯನ್ನು ಕೂಡಿತು. ಅಂದಿನಿಂದ ಅರಬ್ಬೀ ಸಮುದ್ರ ಆದವಾನಿಗೆ ಸುಮಾರು 780 ಕಿಲೋಮೀಟರ್ ದೂರದ ಒಂದು ನಿಲ್ದಾಣವಾಯಿತು.

ಐದು ವರ್ಷದಲ್ಲಿ ಬಂದ 1876–78ರ ಧಾತು ಬರದಲ್ಲಿ ಇದೇ ಹಳಿಯ ಮೇಲೆ ಧಾನ್ಯ ಬಂತು, ಇದೇ ಹಳಿಯ ಪಕ್ಕದಲ್ಲಿ ಜನ ಸತ್ತರು. ಬಳ್ಳಾರಿ ಜಿಲ್ಲೆಯ ಬೆನ್ನೆಲುಬು ಮುರಿದ ಬರ ಅದು. ಆಮೇಲೆ ಆದವಾನಿ ಮತ್ತೆ ಎದ್ದು ನಿಂತಿದ್ದು ಹತ್ತಿಯಿಂದಲೇ. ಜಿನ್ನುಗಳು ಬಂದವು, ಅಂಡಿಗೆಗಳು ಮುಂಬೈಗೆ ಹೋದವು, ವ್ಯಾಪಾರದ ಗದ್ದಲ ನೋಡಿ ಜನ ಈ ಊರನ್ನು ಎರಡನೇ ಮುಂಬೈ ಎಂದು ಕರೆದರು. ಆದರೆ ಬರದ ಸೀಮೆಯ ಹಳ್ಳಿಗೆ ವ್ಯಾಪಾರದ ಗದ್ದಲ ಹೊಟ್ಟೆ ತುಂಬಿಸುವುದಿಲ್ಲ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಇಲ್ಲಿನವರ ಕಾಲಿಗೆ ಅಂಟಿದ ಅಭ್ಯಾಸ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ, ಆಲೂರು, ಎಲ್ಲ ಕಡೆಯೂ ಇಂದಿಗೂ ಮನೆಗೆ ಬೀಗ ಹಾಕಿ, ಮುದುಕರನ್ನು ಕಟ್ಟೆಯ ಮೇಲೆ ಕೂರಿಸಿ, ಮೂಟೆ ಹೊತ್ತು ಹೊರಡುತ್ತಾರೆ. ದಂಡಿಗೆ ಸೇರುವುದೂ ಒಂದು ಬಗೆಯ ಗುಳೆಯೇ. ಅದನ್ನು ಬರೀ ಶೌರ್ಯದ ಮಾತಿನಲ್ಲಿ ಹೇಳುವವರು ಈ ಹಳ್ಳಿಗಳನ್ನು ನೋಡಿಲ್ಲ.

1914ರಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಜನ ಸಾಲದಾದಾಗ, 1917ರ ಜೂನಿನಲ್ಲಿ, ಸೇರಿದವರಿಗೆ 50 ರೂಪಾಯಿ ಇನಾಮು ಎಂದು ಸಾರಿದರು. ಅಲ್ಲಿಯವರೆಗೆ ದಕ್ಷಿಣದವರನ್ನು ಸರ್ಕಾರ ಅಷ್ಟಾಗಿ ಕೇಳಿರಲಿಲ್ಲ. ಮದರಾಸು ಸೈನ್ಯದ ದಂಡನಾಯಕನಾಗಿದ್ದು ಆಮೇಲೆ ಇಡೀ ಹಿಂದೂಸ್ತಾನದ ದಂಡನಾಯಕನಾದ ರಾಬರ್ಟ್ಸ್, ದಕ್ಷಿಣದವರಲ್ಲಿ ಕಾದುವ ಕಸುವಿಲ್ಲವೆಂದು ತೀರ್ಮಾನಿಸಿ ಉತ್ತರದ ಜಾತಿಗಳನ್ನು ತುಂಬಿಸಿಕೊಂಡಿದ್ದ. ಇದೇ ಮದರಾಸು ಸಿಪಾಯಿ 1762ರಲ್ಲಿ ಮನಿಲಾಕ್ಕೆ, 1824ರಲ್ಲಿ ಬರ್ಮಾಕ್ಕೆ, 1840ರಲ್ಲಿ ಚೀನಾಕ್ಕೆ ಕಡಲು ದಾಟಿ ಹೋಗಿದ್ದನ್ನು ಆ ತೀರ್ಮಾನ ಮರೆತಿತ್ತು. ಯುದ್ಧ ಉದ್ದವಾದಂತೆ ಮರೆತದ್ದು ನೆನಪಾಯಿತು. ಬಂದೂಕು ಹಿಡಿಯುವವರಷ್ಟೇ ಅಲ್ಲ, ಅಡಿಗೆಯವರು, ನೀರು ಹೊರುವ ಭಿಸ್ತಿಗಳು, ಹೇಸರಗತ್ತೆ ನೋಡುವವರು, ಡೋಲಿ ಹೊರುವವರು, ರೈಲ್ವೆ ಕೆಲಸಗಾರರು, ಎಲ್ಲರೂ ಬೇಕಾದರು. ಮೆಸೊಪೊಟೇಮಿಯದ ಮರಳಿನಲ್ಲಿ ರೈಲು ಓಡಿಸಲು ಇಲ್ಲಿಂದ ಜನ ಮಾತ್ರವಲ್ಲ, ಮೀಟರ್ ಗೇಜಿನ ಹಳಿ, ಇಂಜಿನ್ನುಗಳೂ ಹಡಗು ಹತ್ತಿದವು. ಹಿಂದೂಸ್ತಾನದಿಂದ ಆ ಯುದ್ಧಕ್ಕೆ ಕಡಲು ದಾಟಿದವರು 10 ಲಕ್ಷಕ್ಕೂ ಹೆಚ್ಚು. ಮಡಿದವರು 74 ಸಾವಿರದಷ್ಟು.

ಯುದ್ಧ ಎಷ್ಟು ಹತ್ತಿರ ಎಂಬುದು ದಕ್ಷಿಣಕ್ಕೆ ಗೊತ್ತಾದದ್ದು 1914ರ ಸೆಪ್ಟೆಂಬರ್ 22ರ ರಾತ್ರಿ. ನವರಾತ್ರಿ ಆಗಷ್ಟೇ ಶುರುವಾಗಿತ್ತು. ಎಂಡೆನ್ ಎಂಬ ಜರ್ಮನ್ ಹಡಗು ಕತ್ತಲಲ್ಲಿ ಬಂದು ಮದರಾಸಿನ ಮೇಲೆ ಗುಂಡು ಹಾರಿಸಿತು. ಬಂದರಿನ ಬಳಿಯ ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳು ಹೊತ್ತಿ ಉರಿದವು. ಮರುದಿನದಿಂದ ಪಟ್ಟಣ ಬಿಟ್ಟು ಒಳನಾಡಿಗೆ ಹೊರಟವರ ಸಾಲು. ದಿಟ್ಟ, ಚಾಲಾಕಿ ಗಂಡಾಳನ್ನು ಎಂಡೆನ್ ಎಂದು ಕರೆಯುವುದು ದಕ್ಷಿಣದ ಭಾಷೆಗಳಲ್ಲಿ ಉಳಿದುಕೊಂಡಿತು. ಒಂದು ಅರ್ಧ ಗಂಟೆಯ ಗುಂಡಿನ ದಾಳಿ ನಿಘಂಟಿಗೆ ಒಂದು ಶಬ್ದ ಸೇರಿಸಿತು. ಇದಾದ ಕೆಲವೇ ದಿನಕ್ಕೆ ವಿಜಯದಶಮಿ. ಹೊಳಗುಂದದ ಹತ್ತಿರ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಉತ್ಸವಕ್ಕೆ ದೊಣ್ಣೆ ಹಿಡಿದು ಹೋಗುವುದು ಈ ಸೀಮೆಯ ಗಂಡಸರ ಹರಕೆ. ತಲೆ ಒಡೆದರೂ ಭಂಡಾರ ಹಚ್ಚಿಕೊಂಡು ಮನೆಗೆ ಬರುತ್ತಾರೆ. ಆ ಬಡಿದಾಟದಲ್ಲಿ ಎದುರಾಳಿಯ ಊರು ಯಾವುದು, ಅವನು ಯಾರ ಮಗ ಎಂಬುದು ಗೊತ್ತಿರುತ್ತದೆ. ಬಂದರಿನ ದಾರಿ ಹಿಡಿದವನಿಗೆ ಎದುರಾಳಿಯ ಹೆಸರೂ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಬೆಂಗಳೂರು ಬಿಟ್ಟಿತು. ಮಹಾರಾಜರ ಕುದುರೆ ಸೈನ್ಯ ಅದು. ಸವಾರರ ಜೊತೆ ಕುದುರೆಗಳೂ, ಅವನ್ನು ನೋಡಿಕೊಳ್ಳುವ ಸಾಯಿಸರೂ ಮುಂಬೈ ಸೇರಬೇಕು. ಆಗ ಬೆಂಗಳೂರಿನಿಂದ ಪುಣೆಯ ಕಡೆಗೆ ಇದ್ದದ್ದು ಮೀಟರ್ ಗೇಜ್. ಕುದುರೆಗಳನ್ನು ನಡುದಾರಿಯಲ್ಲಿ ಇಳಿಸಿ ಹತ್ತಿಸದೆ ಅಗಲ ಹಳಿಯ ಮೇಲೇ ಹೋಗಬೇಕೆಂದರೆ ಜೋಲಾರಪೇಟೆ, ಅರಕ್ಕೋಣಂ, ಗುಂತಕಲ್, ಆದವಾನಿ, ರಾಯಚೂರು: ಇದು ಹತ್ತಿರದ ದಾರಿ. ದಕ್ಷಿಣದ ಭೂಪಟದಲ್ಲಿ ಈ ಹಳಿಗೆ ದಂಡಿನವರು ಕೊಟ್ಟ ಬೆಲೆ ಅದರಿಂದ ತಿಳಿಯುತ್ತದೆ.

ಪ್ರಯಾಣ ಹೇಗಿರುತ್ತಿತ್ತು? ದಂಡಿನ ವಿಶೇಷ ಗಾಡಿಗಳಿಗೆ ಸಾಮಾನ್ಯ ವೇಳಾಪಟ್ಟಿ ಇಲ್ಲ. ಮೇಲ್ ಗಾಡಿಗೆ ದಾರಿ ಬಿಡಲು ಲೂಪ್ ಹಳಿಯ ಮೇಲೆ ನಿಂತರೆ ಎರಡು ಗಂಟೆ ನಿಲ್ಲಬಹುದು. ಇಂಜಿನ್ನಿಗೆ ನೀರು ತುಂಬಿಸುವಾಗ ಮನುಷ್ಯರಿಗೂ ನೀರು. ಪ್ಲಾಟ್‌ಫಾರಂ ಮೇಲೆ ಹಿಂದೂ ಪಾನಿ ಒಂದು ಕಡೆ, ಮುಸ್ಲಿಂ ಪಾನಿ ಇನ್ನೊಂದು ಕಡೆ. ಆ ಕಾಲದ ರೈಲ್ವೆಯಲ್ಲಿ ನೀರಿಗೂ ಜಾತಿ ಇತ್ತು. ಹಡಗಿನಲ್ಲಿ ಇದೆಲ್ಲ ಏನಾಗುತ್ತದೆ ಎಂಬ ಅಂಜಿಕೆ ಬಹಳ ಮನೆಗಳಲ್ಲಿತ್ತು. ಕಡಲು ದಾಟಿದರೆ ಜಾತಿ ಕೆಡುತ್ತದೆಂಬ ಮಾತು ಹೆದರಿಸುತ್ತಿದ್ದುದು ಹುಡುಗನಿಗಿಂತ ಹೆಚ್ಚಾಗಿ ಅವನ ಅವ್ವನನ್ನು.

ಬುತ್ತಿಯ ಲೆಕ್ಕ ಬೇರೆ. ಎರೆ ಸೀಮೆಯ ಕಟಿ ರೊಟ್ಟಿ, ತೆಳ್ಳಗೆ ಬಡಿದು ಒಣಗಿಸಿದ್ದು, ಹದಿನೈದು ದಿನ ಕೆಡುವುದಿಲ್ಲ. ಗುಳೆ ಹೋಗುವವರ ಅನ್ನ ಅದು. ಸೇಂಗಾ ಚಟ್ನಿಪುಡಿ ಜೊತೆಗಿದ್ದರೆ ಸಾಕು. ದಂಡಿನವರು ಅಕ್ಕಿ, ಬೇಳೆ, ತುಪ್ಪ, ಬೆಲ್ಲ ತೂಕ ಮಾಡಿ ಕೊಡುತ್ತಾರೆ, ಆದರೆ ಜೋಳ ಕೊಡುವುದಿಲ್ಲ. ಜೋಳ ತಿಂದು ಬೆಳೆದವನಿಗೆ ಜೋಳವಿಲ್ಲದ ಊಟ ಹೊಟ್ಟೆಗೆ ಸೇರಿದರೂ ಊಟ ಅನ್ನಿಸುವುದಿಲ್ಲ. ಇದು ಸಣ್ಣ ಸಂಗತಿಯಲ್ಲ. ಮೆಸೊಪೊಟೇಮಿಯದಲ್ಲಿ ಹಿಂದೂಸ್ತಾನಿ ಸೈನಿಕರನ್ನು ತುರ್ಕರ ಗುಂಡಿಗಿಂತ ಹೆಚ್ಚು ಕಾಡಿದ್ದರಲ್ಲಿ ಸ್ಕರ್ವಿ ಒಂದು. ಹಸಿ ತರಕಾರಿ, ಹುಳಿ ಹಣ್ಣು ಇಲ್ಲದ ಊಟದಿಂದ ಬರುವ ರೋಗ. ಒಸಡು ಊದಿ, ಹಲ್ಲು ಸಡಿಲವಾಗಿ, ಹಳೆಯ ಗಾಯಗಳು ಮತ್ತೆ ಬಾಯಿ ಬಿಡುತ್ತವೆ.

ಹಾದಿಯಲ್ಲಿ ಇನ್ನೊಂದು ವಿಷಯವಿದೆ, ಕನ್ನಡದವರು ಗಮನಿಸಬೇಕಾದ್ದು. ಆದವಾನಿಯ ಪ್ಲಾಟ್‌ಫಾರಂ ಮೇಲೆ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬಾಯಿಯಲ್ಲಿ ಬರುತ್ತವೆ. ತುಂಗಭದ್ರೆ ದಾಟಿದರೆ ದೊರೆ ಬದಲಾದ, ಭಾಷೆ ಬದಲಾಗಲಿಲ್ಲ. ರಾಯಚೂರು, ಕೃಷ್ಣೆಯ ಸೇತುವೆ, ಯಾದಗಿರಿ, ವಾಡಿ, ಶಹಾಬಾದ್, ಕಲಬುರ್ಗಿ: ಚಹಾ ಮಾರುವವನೂ ಮೂಟೆ ಹೊರುವವನೂ ಅದೇ ಕನ್ನಡ. ಮುಂದೆ ಮುಂಬೈ ಪ್ರಾಂತ್ಯದೊಳಗೆ ಹೋದ ಮೇಲೂ ಅಕ್ಕಲಕೋಟೆ ರೋಡ್, ಸೊಲ್ಲಾಪುರದವರೆಗೆ ಕಿವಿಗೆ ಬೀಳುತ್ತದೆ. ಎರಡು ಪ್ರಾಂತ್ಯ, ಒಂದು ಸಂಸ್ಥಾನ ದಾಟಿದರೂ ಅವ್ವನ ಮಾತು ಹಿಂದೆಯೇ ಬರುತ್ತಿತ್ತು. ಏಕೀಕರಣದ ವಾದಗಳು ಸಭೆಗಳಲ್ಲಿ ನಡೆಯುವುದಕ್ಕೂ ಮುಂಚೆ, ಮೂರನೇ ದರ್ಜೆಯ ಕಿಟಕಿಯ ಬಳಿ ಕೂತ ಹುಡುಗನ ಕಿವಿಗೆ ಕನ್ನಡನಾಡಿನ ಉದ್ದ ಗೊತ್ತಾಗಿತ್ತು. ಸೊಲ್ಲಾಪುರ ದಾಟಿ ಭೀಮೆಯ ಬಯಲಿಗೆ ಬಂದರೆ ಮಾತು ಮರಾಠಿ. ಅಲ್ಲಿಂದ ಮುಂದೆ ಕನ್ನಡ ಅವನ ಬಾಯಲ್ಲಿ ಮಾತ್ರ.

ದೌಂಡ್, ಪುಣೆ, ಆಮೇಲೆ ಭೋರ್ ಘಾಟ್. ಬೆಟ್ಟವೆಂದರೆ ಆದವಾನಿಯ ಕೋಟೆ ಗುಡ್ಡ ಮಾತ್ರ ಎಂದು ತಿಳಿದವನಿಗೆ ಒಂದಾದ ಮೇಲೊಂದು ಸುರಂಗ, ಕೈಗೆಟಕುವ ಮೋಡ. ಕಲ್ಯಾಣ ದಾಟಿದರೆ ಗಾಳಿಯಲ್ಲಿ ಉಪ್ಪು. ಮುಂಬೈಯಲ್ಲಿ ಅಲೆಕ್ಸಾಂಡ್ರಾ ಡಾಕ್ ಆಗಷ್ಟೇ, 1914ರಲ್ಲಿಯೇ, ತೆರೆದಿತ್ತು. ಯುದ್ಧಕ್ಕೆಂದೇ ಕಟ್ಟಿದ್ದಲ್ಲ, ಆದರೆ ಯುದ್ಧಕ್ಕೆ ಸರಿಯಾಗಿ ಸಿಕ್ಕಿತು. ನೀರೆಂದರೆ ಹಗರಿಯ ಹಳ್ಳ, ಬೇಸಿಗೆಯಲ್ಲಿ ಇಂಗಿಹೋಗುವ ತುಂಗಭದ್ರೆ ಎಂದುಕೊಂಡ ಸೀಮೆಯವನು ಅಲ್ಲಿ ಮೊದಲ ಸಲ ಸಮುದ್ರ ನೋಡಿದ.

ಅವರು ಹೋದದ್ದು ಎಲ್ಲಿಗೆ? 1914ರ ಅಕ್ಟೋಬರ್ 16ರಂದು ಮುಂಬೈ ಬಿಟ್ಟ ಪಡೆಯಲ್ಲಿ ಮದರಾಸು ಸೈನ್ಯದ 61ನೇ ಪಯೊನೀರ್ಸ್, 63ನೇ ಪಾಳಯಂಕೋಟೆ ಲೈಟ್ ಇನ್‌ಫೆಂಟ್ರಿ ಇದ್ದವು. ಪೂರ್ವ ಆಫ್ರಿಕದ ಟಾಂಗಾದಲ್ಲಿ ನವೆಂಬರ್ ಮೊದಲ ವಾರ ಇಳಿದು, ಕೆಟ್ಟ ಯೋಜನೆಗೆ ಸಿಕ್ಕಿ ಸೋತು ಹಿಂದಿರುಗಿದರು. ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಇಡುಕಿರಿದು ಬಂದವರನ್ನು ಕಾಲು ಸುಧಾರಿಸಿಕೊಳ್ಳಲೂ ಬಿಡದೆ ಕಾಡಿಗೆ ನುಗ್ಗಿಸಿದ್ದರು. ಆಮೇಲೆ ದೂರನ್ನು ಸಿಪಾಯಿಗಳ ತಲೆಗೆ ಕಟ್ಟಿದರು. ಅದು ಅನ್ಯಾಯ, ಯೋಜನೆ ಮಾಡಿದವರ ಹೊಣೆ ಅದು. ಬೆಂಗಳೂರನ್ನು 1834ರಿಂದ ನೆಲೆ ಮಾಡಿಕೊಂಡಿದ್ದ ಮದರಾಸು ಸ್ಯಾಪರ್ಸ್ ಮೆಸೊಪೊಟೇಮಿಯಕ್ಕೆ ಹೋಗಿ ಟೈಗ್ರಿಸ್ ಮೇಲೆ ಸೇತುವೆ ಕಟ್ಟಿದರು. ತುಂಗಭದ್ರೆಯ ಸೇತುವೆಯ ಮೇಲೆ ಹೋಗುವಾಗ ಆ ಕಬ್ಬಿಣ ಕಲ್ಲುಗಳನ್ನು ಅವರ ಕಣ್ಣು ಹೇಗೆ ನೋಡಿರಬಹುದು! ಮೈಸೂರು ಲ್ಯಾನ್ಸರ್ಸ್ ಸುಯೆಜ್ ಕಾಲುವೆ ಕಾದು, ಸಿನಾಯಿ ದಾಟಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಊರನ್ನು ಭರ್ಜಿ ಹಿಡಿದು ಕುದುರೆಯ ಮೇಲೆ ಗೆದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಕುದುರೆ ಹತ್ತಿಸಿದವರು ಮೈಸೂರಿನವರು. ಒಂದು ತಿಂಗಳಾದ ಮೇಲೆ, ಅಕ್ಟೋಬರ್ 26ರಂದು, ಅಲೆಪ್ಪೊ ಹತ್ತಿರದ ಹರಿತಾನದಲ್ಲಿ ಮತ್ತೊಮ್ಮೆ ನುಗ್ಗಿದರು. ಅದಾದ ನಾಲ್ಕು ದಿನಕ್ಕೆ ತುರ್ಕರ ಜೊತೆ ಕದನವಿರಾಮ.

ಹಳಿಗೆ ಎರಡು ತುದಿ. ಇಲ್ಲಿಂದ ಹುಡುಗರು ತುರ್ಕರ ಮೇಲೆ ಹೋದರೆ ತುರ್ಕಿ ಸೈನಿಕರು ಸೆರೆಯಾಗಿ ಬಳ್ಳಾರಿಗೆ ಬಂದರು. 1917ರಲ್ಲಿ ರೆಡ್‌ಕ್ರಾಸ್ ಪ್ರತಿನಿಧಿಗಳು ಹಿಂದೂಸ್ತಾನದ ಕೈದಿ ಶಿಬಿರಗಳನ್ನು ನೋಡಲು ಬಂದಾಗ ಬಳ್ಳಾರಿಯ ಶಿಬಿರಕ್ಕೂ ಹೋದರು. ಅನಟೋಲಿಯದ ಒಕ್ಕಲಿಗನ ಮಗ ಬಳ್ಳಾರಿ ಗುಡ್ಡ ನೋಡುತ್ತಾ ಕೂತದ್ದೂ ಎರೆ ಸೀಮೆಯ ಮಗ ಬಸ್ರಾದ ಖರ್ಜೂರದ ತೋಟ ನೋಡುತ್ತಾ ಕೂತದ್ದೂ ಒಂದೇ ಕಾಲದಲ್ಲಿ.

1918ರಲ್ಲಿ ಹಳಿ ಇನ್ನೊಂದನ್ನು ತಂದಿತು. ಜೂನಿನಲ್ಲಿ ಮುಂಬೈ ಡಾಕಿನ ಕಾವಲಿಗಿದ್ದ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಹಡಗುಗಳ ಜೊತೆ ಬಂದ ಇನ್‌ಫ್ಲುಯೆಂಜಾ ರೈಲು ಹತ್ತಿ ದಖನ್ನಿನೊಳಗೆ ನುಗ್ಗಿತು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದ ಎರಡನೇ ಅಲೆ ದೊಡ್ಡದು. ಹರೆಯದವರನ್ನೇ ಹೆಚ್ಚಾಗಿ ಒಯ್ದಿತು. ಅದೇ ವರ್ಷ ಮಳೆಯೂ ಹೋಯಿತು. ಬಟ್ಟೆಯ ಬೆಲೆ, ಕಾಳಿನ ಬೆಲೆ ಏರಿ, ಸೆಪ್ಟೆಂಬರಿನಲ್ಲಿ ಮದರಾಸು ಪ್ರಾಂತ್ಯದ ಹಲವು ಊರುಗಳ ಸಂತೆಗಳಲ್ಲಿ ಅಂಗಡಿಗಳ ಲೂಟಿ ನಡೆಯಿತು. ಹೈಫಾ ಬಿದ್ದ ಸುದ್ದಿ ಬಂದ ದಿನಗಳಲ್ಲಿ ಎರೆ ಸೀಮೆಯ ಮನೆಗಳಲ್ಲಿ ಆ ಸುದ್ದಿ ಕೇಳುವ ವ್ಯವಧಾನ ಯಾರಿಗಿತ್ತು? ಯುದ್ಧದಿಂದ ಬದುಕಿ ಬಂದ ಮಗ ಜ್ವರದಲ್ಲಿ ಹೋದ ತಂಗಿಯ ಮನೆಗೆ ಬಂದಿಳಿದ ಕತೆ ದಖನ್ನಿನಲ್ಲಿ ಒಂದಲ್ಲ, ನೂರಾರು ಇರಲೇಬೇಕು.

ಇಪ್ಪತ್ತೊಂದು ವರ್ಷಕ್ಕೆ ಮತ್ತೆ ಅದೇ ಹಳಿ, ಅದೇ ಬಂದರು. ಎರಡನೇ ಮಹಾಯುದ್ಧಕ್ಕೆ ಹಿಂದೂಸ್ತಾನದಿಂದ ಸೇರಿದವರು 25 ಲಕ್ಷ. ಈ ಸಲ ದಕ್ಷಿಣದವರನ್ನು ಯಾರೂ ಹಿಂದಕ್ಕೆ ತಳ್ಳಲಿಲ್ಲ. ಒಮ್ಮೆ ಮುಚ್ಚಿದ್ದ ಮದರಾಸು ರೆಜಿಮೆಂಟನ್ನು ಮತ್ತೆ ಕಟ್ಟಿದರು. ಮದರಾಸು ಸ್ಯಾಪರ್ಸ್‌ನ ಒಂದು ಕಂಪನಿ ಇಟಲಿಯ ಕಸಿನೊ ಬೆಟ್ಟದ ಕೆಳಗೆ ಫಿರಂಗಿಯ ಬೆಂಕಿಯಲ್ಲಿ ದಾರಿ ಕಡಿಯಿತು. ಅದೇ ಪಲ್ಟಣದ ಸುಬೇದಾರ್ ಸುಬ್ರಹ್ಮಣ್ಯನ್ 1944ರ ಫೆಬ್ರವರಿ 24ರಂದು ಮಿನ್ಯಾನೊ ಬಳಿ, ಜೊತೆಯವನ ಕಾಲಡಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಉಳಿದವರನ್ನು ಬದುಕಿಸಿದರು. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಅವರು. ಚೆಂಗಲ್ಪಟ್ಟಿನ ಕಡೆಯ ಹಳ್ಳಿಯವರು. ಹತ್ತಿ ಮತ್ತು ದಂಡು ಈ ಯುದ್ಧದಲ್ಲೂ ಕೂಡಿದವು, ಭಯಂಕರವಾಗಿ. 1944ರ ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕಿನಲ್ಲಿದ್ದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಹತ್ತಿಯ ಅಂಡಿಗೆಗಳೂ 1,400 ಟನ್ನಿನಷ್ಟು ಸ್ಫೋಟಕಗಳೂ ಒಟ್ಟಿಗೆ ಇದ್ದವು. ಹತ್ತಿಗೆ ಬೆಂಕಿ ಬಿತ್ತು. ಸಿಡಿದ ಹಡಗಿನ ಚೂರುಗಳು ಊರ ಮೇಲೆ ಬಿದ್ದವು.

ಈಗ ಮೊದಲಿನ ಪ್ರಶ್ನೆಗೆ ಬರಬೇಕು. ಹೆಸರು, ಅಪ್ಪನ ಹೆಸರು, ಊರು, ಮೈಮೇಲಿನ ಗುರುತು ಬರೆಸಿಕೊಂಡು ಹೋದವನು ಸತ್ತರೆ ಅವನ ಹೆಸರನ್ನು ಎಲ್ಲಿ ಬರೆದರು?

ಮೊದಲ ಯುದ್ಧ ಮುಗಿದ ಮೇಲೆ ದೇಶದ ಎಷ್ಟೋ ಹಳ್ಳಿಗಳಲ್ಲಿ ಸರ್ಕಾರ ಕಲ್ಲಿನ ಫಲಕ ನಿಲ್ಲಿಸಿತು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರ ಮೇಲಿದೆ. ಹೆಸರಿಲ್ಲ. ಎಣಿಕೆ ಮಾತ್ರ. ಮೆಸೊಪೊಟೇಮಿಯದಲ್ಲಿ ಮಡಿದು ಗೋರಿ ಸಿಗದ 40 ಸಾವಿರಕ್ಕೂ ಹೆಚ್ಚು ಜನರಿಗಾಗಿ ಬಸ್ರಾದಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ಬಿಳಿಯ ಸೈನಿಕರ ಹೆಸರು ಗೋಡೆಯ ಮೇಲೆ ಒಂದೊಂದಾಗಿ ಕೆತ್ತಿದರು. ಹಿಂದೂಸ್ತಾನಿಗಳಲ್ಲಿ ಸುಬೇದಾರ, ಜಮಾದಾರರ ಹೆಸರು ಕೆತ್ತಿದರು. ಉಳಿದ ಸಾವಿರಾರು ಸಿಪಾಯಿಗಳಿಗೆ ಪಲ್ಟಣದ ಹೆಸರು, ಅದರ ಕೆಳಗೆ ಇಷ್ಟು ಜನ ಎಂಬ ಸಂಖ್ಯೆ. ಆ ಸ್ಮಾರಕವನ್ನು 1997ರಲ್ಲಿ ಸದ್ದಾಂ ಹುಸೇನ್ ಸರ್ಕಾರ ಊರ ಹೊರಗಿನ ಮರುಭೂಮಿಗೆ ಎತ್ತಿ ಸಾಗಿಸಿತು. 2021ರ ಏಪ್ರಿಲಿನಲ್ಲಿ ಯುದ್ಧ ಸ್ಮಾರಕಗಳ ಹೊಣೆ ಹೊತ್ತ ಕಾಮನ್‌ವೆಲ್ತ್ ಆಯೋಗವೇ ವರದಿ ಪ್ರಕಟಿಸಿ, 45 ಸಾವಿರದಿಂದ 54 ಸಾವಿರ ಜನರಿಗೆ ಸಮಾನ ಗೌರವ ಕೊಡಲಿಲ್ಲ, ಕನಿಷ್ಠ 1 ಲಕ್ಷ 16 ಸಾವಿರ ಜನರ ಹೆಸರನ್ನು ಸ್ಮಾರಕದಲ್ಲಿ ಬರೆಯಲೇ ಇಲ್ಲ ಎಂದು ಒಪ್ಪಿ ಕ್ಷಮೆ ಕೇಳಿತು. ನೂರು ವರ್ಷ ತಡವಾದರೂ ಕೇಳಿತು.

ಈ ತಪ್ಪು ಎಷ್ಟು ದೊಡ್ಡದೆಂಬುದು ಕನ್ನಡದವರಿಗೆ ಇತರರಿಗಿಂತ ಬೇಗ ತಿಳಿಯಬೇಕು. ಮಡಿದವನಿಗೆ ಕಲ್ಲು ನಿಲ್ಲಿಸುವುದು ನಮ್ಮ ಹಳ್ಳಿಗಳಿಗೆ ಸಾವಿರ ವರ್ಷದ ವಿದ್ಯೆ. ತುರು ಬಿಡಿಸಲು ಹೋಗಿ ಸತ್ತವನ ಹೆಸರನ್ನೂ ವೀರಗಲ್ಲಿನ ಮೇಲೆ ಬರೆಸಿದರು. ಕ್ರಿ.ಶ. 949ರಲ್ಲಿ ಗಂಗರ ಬೂತುಗನ ಜೊತೆ ಮಣಲೆರನೆಂಬ ವೀರ ದೂರದ ತಕ್ಕೋಲಕ್ಕೆ ಯುದ್ಧಕ್ಕೆ ಹೋದ. ರಾಷ್ಟ್ರಕೂಟರ ಕೃಷ್ಣ ಚೋಳರನ್ನು ಸೋಲಿಸಿದ ಕಾಳಗ ಅದು. ಮೆಚ್ಚಿದ ಒಡೆಯ ಏನು ಬೇಕೆಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯ ಜೊತೆ ಕಾದಾಡಿ ತಾನೂ ಸತ್ತು ಹಂದಿಯನ್ನೂ ಕೊಂದಿತು. ಅದಕ್ಕೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲ ಇರುವುದು ಅರಕ್ಕೋಣಂ ಹತ್ತಿರ. ಅಂದರೆ 1914ರ ಹುಡುಗರು ಮುಂಬೈಗೆ ಹೋದ ಹಳಿ ಆ ರಣರಂಗದ ಮಗ್ಗುಲಲ್ಲೇ ಹಾದು ಹೋಗುತ್ತದೆ. ಹತ್ತನೇ ಶತಮಾನದ ಒಂದು ನಾಯಿಯ ಹೆಸರು ಇಂದಿಗೂ ಓದಬಹುದು. ಅದೇ ದಾರಿಯಲ್ಲಿ ಇಪ್ಪತ್ತನೇ ಶತಮಾನದಲ್ಲಿ ಹೋದ ಮನುಷ್ಯ ಬಸ್ರಾದ ಗೋಡೆಯ ಮೇಲೆ ಒಂದು ಅಂಕಿ.

ಮೈಸೂರು ಲ್ಯಾನ್ಸರ್ಸ್‌ಗೆ ಅಷ್ಟು ಅನ್ಯಾಯವಾಗಲಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಮಡಿದವರ ಹೆಸರು ಕಲ್ಲಿನಲ್ಲಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ಚೌಕಕ್ಕೆ ಹೈಫಾದ ಹೆಸರೂ ಸೇರಿತು. ಸಂಸ್ಥಾನದವರಿಗೆ ಒಬ್ಬ ದೊರೆ ಇದ್ದ, ಒಂದು ರಾಜಧಾನಿ ಇತ್ತು. ಆದವಾನಿ, ಆಲೂರಿನ ಹಳ್ಳಿಯವನಿಗೆ ಅದೂ ಇಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಏಳು ತಾಲ್ಲೂಕು ಮೈಸೂರಿಗೆ ಹೋದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಆದವಾನಿ, ಆಲೂರುಗಳನ್ನು ಕರ್ನೂಲಿಗೆ ಸೇರಿಸಿದರು. ಇಂದು ಕೌತಾಳದ ಕನ್ನಡ ಶಾಲೆಯಲ್ಲಿ ಓದುವ ಹುಡುಗಿ ತನ್ನ ಮುತ್ತಜ್ಜನ ಅಣ್ಣನನ್ನು ಹುಡುಕಲು ಹೊರಟರೆ ಕರ್ನೂಲು ಜಿಲ್ಲೆ ಎಂದು ಹುಡುಕುತ್ತಾಳೆ. ಅವನ ಕಾಗದಗಳಲ್ಲಿರುವುದು ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ್ಯ. ಊರಿನ ಹೆಸರನ್ನು ಇಂಗ್ಲಿಷಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಹುಡುಕುವವರು ಈ ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಮನೆಯಲ್ಲೇ ನೋಡಬೇಕಾದದ್ದೂ ಒಂದಿದೆ. ಮೊದಲ ಮಹಾಯುದ್ಧಕ್ಕೆ ಕಡಲು ದಾಟಿ ಹೋದವರಿಗೆ ಬ್ರಿಟಿಷ್ ವಾರ್ ಮೆಡಲ್ ಎಂಬ ಪದಕ ಕೊಟ್ಟರು. ಬಂದೂಕು ಹಿಡಿದವರಿಗೆ ಬೆಳ್ಳಿಯದು, ಮೂಟೆ ಹೊತ್ತ ಕೂಲಿ ಪಡೆಗಳಿಗೆ ಕಂಚಿನದು. ಒಂದು ಮಗ್ಗುಲಿಗೆ ಐದನೇ ಜಾರ್ಜ್ ದೊರೆಯ ತಲೆ, ಇನ್ನೊಂದು ಮಗ್ಗುಲಿಗೆ ಕುದುರೆಯ ಮೇಲೆ ಕೂತ ಬೆತ್ತಲೆ ಸವಾರ. ಬರಗಾಲದಲ್ಲಿ ಬೆಳ್ಳಿಯವು ಎಷ್ಟೋ ಅಕ್ಕಸಾಲಿಗರ ಕುಲುಮೆಗೆ ಹೋಗಿ ಕಾಲುಂಗುರವಾದವು, ಗೆಜ್ಜೆಯಾದವು. ಉಳಿದವು ದೇವರ ಜಗಲಿಯ ಮೇಲೆ ಕುಂಕುಮ ಮೆತ್ತಿಕೊಂಡು ಕೂತಿರುತ್ತವೆ, ಇಲ್ಲವೇ ಹಳೆ ಟ್ರಂಕಿನ ತಳದಲ್ಲಿ ಹರಕು ರಿಬ್ಬನ್ನಿನ ಜೊತೆ ಬಿದ್ದಿರುತ್ತವೆ. ರಾಜನ ಮುಖ, ಕುದುರೆ ನೋಡಿ ಹಿಂದಿನ ಕಾಲದ ನಾಣ್ಯವೆಂದುಕೊಂಡವರೂ ಉಂಟು.

ಅಂಥದ್ದು ಸಿಕ್ಕರೆ ಕುಂಕುಮ ಒರೆಸಬೇಕು, ಹುಣಸೆಹಣ್ಣು ಹಾಕಿ ತಿಕ್ಕಬಾರದು. ಮುಖ ನೋಡುವುದಲ್ಲ, ಅಂಚು ನೋಡಬೇಕು. ಬಾಗಿಲ ಬಳಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಅಂಚಿನ ಉದ್ದಕ್ಕೂ ಸಣ್ಣ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊದಲು ನಂಬರು, ಆಮೇಲೆ ದರ್ಜೆ, ಕೊನೆಗೆ ಪಲ್ಟಣ. ದರ್ಜೆಗೂ ಪಲ್ಟಣಕ್ಕೂ ನಡುವೆ, ಸಾಮಾನ್ಯವಾಗಿ ಕಾಗುಣಿತ ತಪ್ಪಾಗಿ, ಅವನ ಹೆಸರು.